ಮನೆವಾರ್ತೆ: ಆಟಿಯ ಎಲೆಯೂ ಆಗಸ್ಟಿನ ಹಬ್ಬವೂ

ಕರ್ಕಾಟಕ ಸಂಕ್ರಮಣವು ಕಳೆದು ಆಟಿ ತಿಂಗಳು ಕಾಲಿರಿಸಿತೆಂದರೆ, ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸುತ್ತಿನಲ್ಲಿ ಆದಿತ್ಯವಾರವೊಂದೂ ಬರಿದೆ ಕಳೆಯುವಂತಿಲ್ಲ. ಒಂದು ಕಡೆ ಯುವಕ ಮಂಡಲದವರ ‘ಆಟಿಡೊಂಜಿ ದಿನ’. ಇನ್ನೊಂದು ಕಡೆ ಮಹಿಳಾ ಮಂಡಲದವರ ‘ಆಟಿದ ಕೂಟ’. ಮತ್ತೊಂದು ಕಡೆ ಉತ್ತು ಹದಮಾಡಿದ ಗದ್ದೆಯಲ್ಲಿ ಓಟ, ಹಗ್ಗಜಗ್ಗಾಟಗಳ ‘ಕೆಸರ್ಡೊಂಜಿ ದಿನ’. ಶಾಲೆಗಳೂ, ಭಜನಾ ಮಂಡಳಿಗಳೂ, ಜಾತಿಸಂಘಗಳೂ ಈ ವಿಷಯದಲ್ಲಿ ಒಬ್ಬರಿಗೊಬ್ಬರು ಸೋಲುವವರಲ್ಲ. ಅಧ್ಯಕ್ಷರ ಹೆಸರಿಗಿಂತ ಊಟದ ಪಟ್ಟಿಯೇ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗುವ ಆಮಂತ್ರಣ ಪತ್ರಿಕೆಯು ನಮ್ಮ ಸೀಮೆಯಲ್ಲಿ ಇದೊಂದೇ ಇರಬೇಕು.

ಆ ಪಟ್ಟಿಯಾದರೂ ಸಾಮಾನ್ಯವಾದುದಲ್ಲ. ಕೆಸುವಿನ ಎಲೆಯ ಪತ್ರೊಡೆ, ತಜಂಕೆಂಬ ತಗಚೆ ಸೊಪ್ಪಿನ ಪಲ್ಯ, ಕಣಿಲೆಯ ಗಸಿ, ತಿಮರೆಯ ಚಟ್ನಿ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಪಲ್ಯ, ಹಲಸಿನ ಬೀಜದ ಸಾಂತಾಣಿ, ಹುರುಳಿಯ ಚಟ್ನಿ, ಜೀಗುಜ್ಜೆಯ ಪೋಡಿ, ಅರಸಿನದ ಎಲೆಯಲ್ಲಿ ಬೇಯಿಸಿದ ಕಡುಬು, ಮೆಂತೆಯ ಗಂಜಿ. ಮತ್ಸ್ಯಾಹಾರಿಗಳ ಕೂಟವಾದರೆ ಒಣಮೀನಿನ ಚಟ್ನಿಯೂ ಸೇರಿ ಮೂವತ್ತು ನಲವತ್ತು ಬಗೆಗಳು. ಮುಂಬಯಿಯಲ್ಲಿಯೂ, ಬೆಂಗಳೂರಿನಲ್ಲಿಯೂ, ಕೊಲ್ಲಿಯ ದೇಶಗಳಲ್ಲಿಯೂ ನೆಲಸಿದ ತುಳುವರು ಇದೇ ಪಟ್ಟಿಯನ್ನು ಇಟ್ಟುಕೊಂಡು ಇದೇ ಹೆಸರಿನ ದಿನವನ್ನು ಆಚರಿಸುತ್ತಾರೆ. ಊರಿಂದ ಹೋಗುವವರ ಗಂಟಿನಲ್ಲಿ ಕೆಸುವಿನ ಎಲೆಯ ಕಟ್ಟೊಂದು ಇರುವುದು ಆ ದಿನಗಳಲ್ಲಿ ಅಪರೂಪವಲ್ಲ.

ಇಷ್ಟೆಲ್ಲ ಸಂಭ್ರಮವನ್ನು ಕಂಡು ಹಿರಿಯರಲ್ಲಿ ಕೆಲವರು ಮುಖವನ್ನು ಸಿಂಡರಿಸುತ್ತಾರೆ. ಆಟಿಯು ಹಬ್ಬದ ತಿಂಗಳೇ ಅಲ್ಲ, ಅದು ಹಸಿವಿನ ತಿಂಗಳು. ಹಸಿವನ್ನು ಅಲಂಕರಿಸಿ ವೇದಿಕೆಯ ಮೇಲೆ ಕುಳ್ಳಿರಿಸುವುದು ಎಂತಹ ನಾಗರಿಕತೆ, ಎಂದು ಅವರ ಪ್ರಶ್ನೆ. ಈ ಪ್ರಶ್ನೆಯನ್ನು ನಗೆಯಿಂದ ತಳ್ಳಿಬಿಡುವುದು ಸರಿಯಲ್ಲವೆಂದು ನಾವು ತಿಳಿಯುತ್ತೇವೆ. ವಾಚಕರಲ್ಲಿ ಎಳೆಯರಿಗೆ ಅಂದಿನ ಆಟಿಯು ಏನೆಂಬುದೇ ತಿಳಿಯದಿರಬಹುದಾದುದರಿಂದ ಅದನ್ನು ಮೊದಲು ಹೇಳಬೇಕು.

ನಮ್ಮ ಗದ್ದೆಗಳಿಗೆ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆಗಳಷ್ಟೆ. ಇವುಗಳಲ್ಲಿ ಮಳೆಗಾಲದ ಏಣೆಲೇ ದೊಡ್ಡದು. ಕಾರ್ತೆಲಿನಲ್ಲಿ ನಟ್ಟ ನೇಜಿಯು ತೆನೆಯಾಗಿ ಕೈಗೆ ಬರುವುದು ಕನ್ಯಾ ತಿಂಗಳಿಗೆ. ಹಿಂದಿನ ಬೆಳೆಯ ಅಕ್ಕಿಯ ಮುಡಿಗಳು ಅಷ್ಟರಲ್ಲೇ ಕರಗಿರುತ್ತವೆ. ನಾಟಿಯು ಮುಗಿದ ಮೇಲೆ ಕೂಲಿಯ ಕೆಲಸವೂ ಇಲ್ಲ. ಕಡಲು ಕೆರಳಿರುವುದರಿಂದ ಹಸಿಮೀನೂ ಇಲ್ಲ. ಅಂದಿನ ಒಕ್ಕಲಿನಲ್ಲಿ ಬಹುಮಂದಿ ಚಾಲಗೇಣಿಯವರು. ಬೆಳೆದುದರಲ್ಲಿ ಗೇಣಿಯ ಅಕ್ಕಿಯನ್ನು ಧನಿಗಳ ಅಂಗಳಕ್ಕೆ ಅಳೆದು ಕೊಟ್ಟ ಬಳಿಕ ಉಳಿದುದೇ ಅವರದು. ಆಟಿಯಲ್ಲಿ ಸಾಲವಾಗಿ ತಂದ ಅಕ್ಕಿಯನ್ನು ಏಣೆಲಿನ ಕುಯ್ಲಿನಲ್ಲಿ ಬಡ್ಡಿಸಹಿತ ತೀರಿಸಬೇಕು. ತೀರಿಸಿದವನಿಗೆ ಮುಂದಿನ ಆಟಿಯಲ್ಲಿ ಮತ್ತೆ ಅದೇ ಸಾಲ. ಮಳೆಯಂತೂ ಕೇಳಬೇಕಾದುದಿಲ್ಲ. 1923ರ ‘ಮಾರಿಬೊಳ್ಳ’ವೂ, 1974ರ ಜುಲೈ ತಿಂಗಳ ನೆರೆಯೂ ಬಂಟ್ವಾಳದ ಪೇಟೆಯ ನೆನಪಿನಲ್ಲಿ ಅಳಿಯದೆ ಉಳಿದಿವೆ; 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿಯ ಕಡೆ ಗುಡ್ಡ ಜರಿದು ತೋಟ ಗದ್ದೆಗಳ ಮೇಲೆ ಮರಳು, ಮರದ ದಿಮ್ಮಿಗಳು ಹರಡಿದುದನ್ನು ನಾವೆಲ್ಲರೂ ಬಲ್ಲೆವು. ಆಟಿಯಲ್ಲಿ ಮದುವೆ ಮುಂಜಿ ಕೂಡದೆಂದೂ, ಹೊಸ ಮದುಮಗಳು ತವರಿಗೆ ಹೋಗಿ ಕುಳಿತುಕೊಳ್ಳಬೇಕೆಂದೂ ಹಿರಿಯರು ಇಟ್ಟ ಕಟ್ಟಳೆಗೆ ಶಾಸ್ತ್ರದ ಮಾತು ಏನೇ ಇರಲಿ, ಗಂಡನ ಮನೆಯ ಅಕ್ಕಿಯ ಕಳಸೆಯು ಬರಿದಾಗಿರುವ ಕಾಲದಲ್ಲಿ ಎಳೆಯ ಹೆಣ್ಣುಮಗಳಿಗೆ ತಾಯಿಯ ಕೈಯ ತುತ್ತು ದೊರೆಯಲೆಂಬ ಕರುಣೆಯೂ ಅದರಲ್ಲಿ ಇದ್ದಿರಬೇಕು.

ಈಗ ಆ ಪಟ್ಟಿಯನ್ನು ಮತ್ತೊಮ್ಮೆ ಓದಿ ನೋಡಿರಿ. ತಜಂಕು ಯಾರೂ ಬಿತ್ತದೆ ದಾರಿಯ ಬದಿಯಲ್ಲಿ ಹುಟ್ಟುವ ಗಿಡ. ಕೆಸುವು ತೋಡಿನ ಅಂಚಿನದು. ಮರಕೆಸುವು ಮಳೆಗೆ ಮರದ ಕವಲಿನಲ್ಲಿ ತಾನಾಗಿ ಚಿಗುರುವುದು. ಕಣಿಲೆಯು ಗುಡ್ಡದ ಬಿದಿರ ಮೆಳೆಯದು. ಹಲಸಿನ ಸೊಳೆಯನ್ನು ಬೇಸಗೆಯಲ್ಲೇ ಉಪ್ಪಿಗೆ ಹಾಕಿ ಭರಣಿಯ ಬಾಯಿ ಕಟ್ಟಿಟ್ಟವಳು, ಮುಂದೆ ಅಕ್ಕಿ ತೀರುವುದೆಂಬುದನ್ನು ಎಣಿಸಿಯೇ ಇಟ್ಟವಳು. ಇಂದು ವೇದಿಕೆಯ ಭಾಷಣಕಾರರಲ್ಲಿ ಕೆಲವರು, ನಮ್ಮ ಪೂರ್ವಿಕರು ಆರೋಗ್ಯಶಾಸ್ತ್ರವನ್ನು ಬಲ್ಲವರಾಗಿ ಇಂತಹ ಸೊಪ್ಪುಗಳನ್ನು ಆರಿಸಿಕೊಂಡರೆಂದು ಹೇಳುವುದುಂಟು. ಸೊಪ್ಪಿನಲ್ಲಿ ಗುಣವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅಕ್ಕಿಯಿದ್ದ ಮನೆಯವರು ಅಕ್ಕಿಯನ್ನೇ ಉಂಡರು. ಇಲ್ಲದವರು ಸೊಪ್ಪನ್ನು ಉಂಡರು. ಹಸಿದವಳ ಜಾಣ್ಮೆಯನ್ನು ಪಂಡಿತರ ವಿದ್ಯೆಯಾಗಿ ಬದಲಿಸಿ ಹೇಳಿದರೆ, ಆ ಜಾಣ್ಮೆಗೆ ಸಲ್ಲಬೇಕಾದ ಮರ್ಯಾದೆಯು ಬೇರೆಯವರ ಪಾಲಾಗುತ್ತದೆ.

ಅಂದಿನ ಆಟಿಯು ಹೋದುದು ಹೇಗೆ? 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿಯ ಅಕ್ಕಿಯು ಉತ್ತವನ ಮನೆಯಲ್ಲೇ ಉಳಿಯಿತು. ಬಂಟ್ವಾಳ, ಬೆಳ್ತಂಗಡಿಗಳ ಹೆಂಗಸರು ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿ, ವಾರಕ್ಕೊಮ್ಮೆ ಕೈಯಲ್ಲಿ ಕಾಸು ಕಂಡರು. ಮುಂಬಯಿಯ ಹೋಟೆಲುಗಳಿಂದ ಮನಿಯಾರ್ಡರು ಬಂತು. ತರುವಾಯ ಕೊಲ್ಲಿಯ ದೇಶಗಳಿಂದ ಹುಂಡಿ ಬಂತು. ಗದ್ದೆಗಳಲ್ಲಿ ಎಷ್ಟೋ ಅಡಿಕೆಯ ತೋಟಗಳಾದವು. ಪಡಿತರದ ಅಂಗಡಿಯ ಅಕ್ಕಿಯು ಮನೆಮನೆಗೆ ಬಂತು. ಹಸಿವು ಹೋಯಿತು, ಹಸಿವಿನ ಎಲೆಗಳಿಗೆ ಆಗ ರುಚಿ ಬಂತು. ಇದರಲ್ಲಿ ನಾಚಿಕೆ ಪಡಬೇಕಾದುದೇನೂ ಇಲ್ಲ. ಆದರೂ ಪ್ರಶ್ನೆಯು ಉಳಿದೇ ಇದೆ: ಕಷ್ಟದ ಕಾಲದ ಅನ್ನವನ್ನು ಸುಖದ ಕಾಲದಲ್ಲಿ ಹಬ್ಬವಾಗಿ ಉಣ್ಣಬಹುದೇ? ಉಣ್ಣುವುದಾದರೆ ಹೇಗೆ ಉಣ್ಣಬೇಕು?

ಈ ಪ್ರಶ್ನೆಯು ನಮ್ಮೊಬ್ಬರದೇ ಅಲ್ಲ. ಭೂಗೋಲದ ಇನ್ನೊಂದು ಮಗ್ಗುಲಲ್ಲಿ, ನಮ್ಮ ಆಟಿಯ ದಿನಗಳಲ್ಲಿಯೇ, ಇದನ್ನು ಎದುರಿಸಿ ತಮ್ಮ ಬಗೆಯಲ್ಲಿ ಉತ್ತರ ಕಂಡುಕೊಂಡ ಜನರಿದ್ದಾರೆ. ಅವರು ಕೆರಿಬಿಯನ್ ದ್ವೀಪಗಳವರು. ಕ್ರಿಕೆಟ್ ಆಟದ ದಯೆಯಿಂದ ವೆಸ್ಟ್ ಇಂಡೀಸ್ ಎಂಬ ಹೆಸರು ನಮ್ಮ ಮನೆಗಳ ಚಿಕ್ಕ ಮಕ್ಕಳಿಗೂ ತಿಳಿದದ್ದೇ. ಆದರೆ ಆ ಜನರ ಅಡುಗೆಮನೆಯೂ ನಮ್ಮದೂ ನೆರೆಹೊರೆಯವೆಂಬುದು ಬಹುಮಂದಿಗೆ ತಿಳಿದಿರಲಾರದು.

ಆ ದ್ವೀಪಗಳಲ್ಲಿ ಕಬ್ಬಿನ ತೋಟಗಳನ್ನು ಮಾಡುವುದಕ್ಕಾಗಿ ಐರೋಪ್ಯರು ಆಫ್ರಿಕದಿಂದ ಲಕ್ಷಾಂತರ ಜನರನ್ನು ಹಡಗುಗಳಲ್ಲಿ ತುಂಬಿ ತಂದು ಗುಲಾಮರನ್ನಾಗಿ ದುಡಿಸಿದರು. ಸಕ್ಕರೆಯು ಸಮುದ್ರ ದಾಟಿ ಹೋಗುತ್ತಿತ್ತು. ದುಡಿದವರ ಪಾಲಿಗೆ ಉತ್ತರ ಅಮೆರಿಕದಿಂದ ಬರುವ ಅಗ್ಗದ ಉಪ್ಪುಮೀನು, ಹಾಗೂ ತೋಟಕ್ಕೆ ಬಾರದ ಮೂಲೆನೆಲದಲ್ಲಿ ತಾವೇ ಬೆಳೆದುಕೊಂಡ ಗೆಡ್ಡೆಗೆಣಸು. ಬ್ರಿಟಿಷರ ಅಧೀನದ ದ್ವೀಪಗಳಲ್ಲಿ ಗುಲಾಮಗಿರಿಯನ್ನು ರದ್ದುಪಡಿಸುವ ಶಾಸನವು 1834ರ ಆಗಸ್ಟ್ 1ರಂದು ಜಾರಿಗೆ ಬಂತು. ಅಲ್ಲಿಯೂ ಒಂದು ಕೊಂಡಿಯನ್ನು ಉಳಿಸಿಕೊಂಡಿದ್ದರು: ಬಿಡುಗಡೆಯಾದವರು ‘ಕೆಲಸ ಕಲಿಯುವವರು’ ಎಂಬ ಹೆಸರಿನಲ್ಲಿ ಹಳೆಯ ಯಜಮಾನನಲ್ಲಿಯೇ ಮತ್ತೆ ದುಡಿಯಬೇಕು. 1838ರ ಆಗಸ್ಟ್ 1ರಂದು ಆ ಕೊಂಡಿಯೂ ಕಳಚಿತು. ಬ್ರಿಟಿಷ್ ಸರಕಾರವು 2 ಕೋಟಿ ಪೌಂಡುಗಳ ಪರಿಹಾರವನ್ನು ಕೊಟ್ಟಿತು—ಗುಲಾಮರಿಗಲ್ಲ, ಗುಲಾಮರನ್ನು ಕಳೆದುಕೊಂಡ ಯಜಮಾನರಿಗೆ! ಆ ಆಗಸ್ಟ್ 1 ಇಂದು ಆ ನಾಡುಗಳಲ್ಲಿ ಬಿಡುಗಡೆಯ ದಿನ. ಟ್ರಿನಿಡಾಡಿನಲ್ಲಿ 1985ರಿಂದ ಅದು ಸಾರ್ವತ್ರಿಕ ರಜಾದಿನವಾಗಿದೆ. ನಮ್ಮ ಆಟಿಯು ಅರ್ಧ ಕಳೆಯುವ ಹೊತ್ತಿಗೆ ಅವರ ಡೋಲುಗಳು ಬೀದಿಗೆ ಬರುತ್ತವೆ.

ಆ ದಿನಗಳಲ್ಲಿ ಅವರು ಉಣ್ಣುವುದಾದರೂ ಏನನ್ನು? ಇಲ್ಲಿ ನಮ್ಮ ಸೋದರಿಯರು ಸ್ವಲ್ಪ ಕಿವಿಗೊಡಬೇಕು. ಟ್ರಿನಿಡಾಡಿನವರು ಹೆಮ್ಮೆಯಿಂದ ಬಡಿಸುವ ‘ಕಲಲು’ ಎಂಬ ಪದಾರ್ಥವಿದೆ. ಅದರ ಮುಖ್ಯ ಸಾಮಗ್ರಿಯು ನಮ್ಮ ತೋಡಿನ ಬದಿಯ ಕೆಸುವಿನ ಎಲೆಯೇ. ಎಲೆಯನ್ನು ಹೆಚ್ಚಿ, ಬೆಂಡೆಕಾಯಿಯನ್ನೂ ಮೆಣಸನ್ನೂ ಕೂಡಿಸಿ, ತೆಂಗಿನ ಹಾಲಿನಲ್ಲಿ ಕರಗುವವರೆಗೆ ಬೇಯಿಸುತ್ತಾರೆ. ಉಳ್ಳವರು ಏಡಿಯನ್ನೂ ಹಾಕುತ್ತಾರೆ. ಜಮೈಕದವರ ರಾಷ್ಟ್ರೀಯ ಊಟವೆಂದರೆ ‘ಆಕಿ’ ಎಂಬ, ಆಫ್ರಿಕದಿಂದ ಬಂದ ಕಾಯಿಯೊಡನೆ ಬೇಯಿಸಿದ ಅದೇ ಹಳೆಯ ಉಪ್ಪುಮೀನು. ನಮ್ಮ ಜೀಗುಜ್ಜೆಯ ಕಥೆಯಂತೂ ಇನ್ನೂ ವಿಚಿತ್ರವಾದುದು. ಗುಲಾಮರ ಹೊಟ್ಟೆಗೆ ಅಗ್ಗದ ಆಹಾರವಾಗಲೆಂದು ಬ್ಲೈ ಎಂಬ ಕಪ್ತಾನನು ಪೆಸಿಫಿಕ್ ಸಾಗರದ ತಹಿತಿಯಿಂದ ಅದರ ಸಸಿಗಳನ್ನು ತರಲು ಹೊರಟನು. 1789ರಲ್ಲಿ ಅವನ ನಾವಿಕರೇ ದಂಗೆಯೆದ್ದು ಅವನನ್ನು ದೋಣಿಯೊಂದಕ್ಕೆ ಇಳಿಸಿಬಿಟ್ಟರು. ಛಲ ಬಿಡದೆ ಎರಡನೆಯ ಸಲ ಹೊರಟು 1793ರಲ್ಲಿ ಸೇಂಟ್ ವಿನ್ಸೆಂಟಿಗೂ ಜಮೈಕಕ್ಕೂ ಸಸಿಗಳನ್ನು ಮುಟ್ಟಿಸಿದನು. ತಮ್ಮ ಮೇಲೆ ಹೇರಿದ ಆ ಕಾಯಿಯನ್ನು ಜನರು ಬಹುಕಾಲ ಮುಟ್ಟಲೊಲ್ಲದೆ ಹಂದಿಗಳಿಗೆ ಹಾಕಿದರಂತೆ. ಇಂದು ಸೇಂಟ್ ವಿನ್ಸೆಂಟಿನ ರಾಷ್ಟ್ರೀಯ ಊಟವು ಕೆಂಡದಲ್ಲಿ ಸುಟ್ಟ ಜೀಗುಜ್ಜೆ ಮತ್ತು ಹುರಿದ ಮೀನು. ನಾವು ಅದನ್ನೇ ತೆಳ್ಳಗೆ ಹೆಚ್ಚಿ ಹಿಟ್ಟಿನಲ್ಲಿ ಅದ್ದಿ ಪೋಡಿ ಕರಿಯುತ್ತೇವೆ.

ಗುಲಾಮರು ಹೋದ ಮೇಲೆ ಕಬ್ಬಿನ ತೋಟಗಳಿಗೆ ಆಳು ಬೇಕಾಯಿತು. 1845ರ ಮೇ 30ರಂದು ‘ಫತೆಲ್ ರಜಾಕ್’ ಎಂಬ ಹಡಗು ಕಲ್ಕತ್ತೆಯಿಂದ ಹೊರಟ ಭಾರತೀಯ ಕೂಲಿಗಳನ್ನು ಹೊತ್ತು ಟ್ರಿನಿಡಾಡನ್ನು ಸೇರಿತು. ಕರಾರಿನ ಕೂಲಿಯ ಪದ್ಧತಿಯು 1917ರಲ್ಲಿ ನಿಲ್ಲುವವರೆಗೆ ಆ ಒಂದು ದ್ವೀಪಕ್ಕೇ ಸುಮಾರು 1,40,000 ಮಂದಿ ಹೋದರು. ಬಹುಮಂದಿ ಬಿಹಾರ ಮತ್ತು ಇಂದಿನ ಉತ್ತರಪ್ರದೇಶದ ಹಳ್ಳಿಯವರು. ಮದರಾಸಿನ ಬಂದರದಿಂದ ಹೋದವರು ಕೆಲವರು. ಗಂಟಿನಲ್ಲಿ ಕೊಂಡುಹೋಗಲು ಅವರಿಗೆ ಏನಿತ್ತು? ಕೈಯ ಅಡುಗೆಯೊಂದೇ. ಕೆಸುವಿನ ಎಲೆಗೆ ಬೇಳೆಯ ಹಿಟ್ಟನ್ನು ಬಳಿದು, ಸುರುಳಿ ಸುತ್ತಿ, ಕತ್ತರಿಸಿ ಕರಿದ ‘ಸಹೀನಾ’ ಎಂಬ ತಿಂಡಿಯನ್ನು ಟ್ರಿನಿಡಾಡಿನ ಬೀದಿಯಲ್ಲಿ ಇಂದಿಗೂ ಮಾರುತ್ತಾರೆ. ನಮ್ಮ ಪತ್ರೊಡೆಯನ್ನು ಬಲ್ಲವರು ಅದರ ಮುಖವನ್ನು ಕಂಡೊಡನೆ ನೆಂಟಸ್ತಿಕೆಯನ್ನು ಹೇಳಿಬಿಡುವರು. ಆ ಮೇ 30ನ್ನೂ ಅಲ್ಲಿಯ ಜನರು ರಜಾದಿನವಾಗಿ ಆಚರಿಸುತ್ತಾರೆ. ಹೀಗೆ ಸಂಕೋಲೆ ಕಳಚಿದ ದಿನವೂ, ಕರಾರಿನ ಹಡಗು ಮುಟ್ಟಿದ ದಿನವೂ ಒಂದೇ ನಾಡಿನ ಪಂಚಾಂಗದಲ್ಲಿ ಹಬ್ಬಗಳಾಗಿವೆ.

ಅಡುಗೆಯಲ್ಲಿ ಮಾತ್ರವಲ್ಲ, ಆಟದಲ್ಲಿಯೂ ನೆಂಟಸ್ತಿಕೆಯಿದೆ. ಆಟಿಯ ಮಧ್ಯಾಹ್ನಗಳಲ್ಲಿ ನಮ್ಮ ಮನೆಗಳ ಅಟ್ಟದಿಂದ ಕೆಳಗಿಳಿಯುವ ಚೆನ್ನೆಮಣೆಗೆ ಎರಡು ಸಾಲುಗಳಲ್ಲಿ ಏಳೇಳು ಗುಳಿಗಳು. ಗುಳಿಗೆ ನಾಲ್ಕರಂತೆ ಮಂಜೊಟ್ಟಿಯ ಕೆಂಪು ಕಾಳುಗಳು. ಆಂಟಿಗುವ ದ್ವೀಪದವರು ‘ವರಿ’ ಎಂದು ಕರೆಯುವ ಆಟಕ್ಕೆ ಎರಡು ಸಾಲುಗಳಲ್ಲಿ ಆರಾರು ಗುಳಿಗಳು. ಅಲ್ಲಿಯೂ ಗುಳಿಗೆ ನಾಲ್ಕು ಕಾಳು, ಕಾಳು ಮಾತ್ರ ಗಜ್ಜುಗದ್ದು. ಆಫ್ರಿಕದ ಜನರು ಸೆರೆಯಾಗಿ ಬಂದಾಗ ತಲೆಯೊಳಗೆ ಇರಿಸಿಕೊಂಡು ಬಂದ ಆಟವದು. ತಲೆಯೊಳಗಿನ ಸೊತ್ತನ್ನು ಯಾವ ಯಜಮಾನನೂ ಜಪ್ತಿಮಾಡಲಾರನಷ್ಟೆ. ಟ್ರಿನಿಡಾಡಿನ ಸರಕಾರವು 1880ರ ದಶಕದಲ್ಲಿ ಅವರ ಡೋಲುಗಳಿಗೆ ನಿರ್ಬಂಧ ಹಾಕಿದಾಗ ಅವರು ಬಿದಿರ ಕೊಳವೆಗಳನ್ನು ನೆಲಕ್ಕೆ ಕುಟ್ಟಿ ತಾಳ ಹಿಡಿದರು; ಮುಂದೆ ಬಿಸ್ಕತ್ತಿನ ಡಬ್ಬ, ಎಣ್ಣೆಯ ಪೀಪಾಯಿಗಳನ್ನು ತಟ್ಟಿ ತಗ್ಗಿಸಿ ಸ್ವರ ಹೊರಡಿಸಿದರು. ಆ ಪೀಪಾಯಿಯ ವಾದ್ಯವು 1992ರಲ್ಲಿ ಆ ದೇಶದ ರಾಷ್ಟ್ರೀಯ ವಾದ್ಯವಾಯಿತು. ಆಗಸ್ಟ್ 11ನ್ನು ಅದರ ಹೆಸರಿನ ದಿನವಾಗಿ ವಿಶ್ವಸಂಸ್ಥೆಯು 2023ರಲ್ಲಿ ಅಂಗೀಕರಿಸಿತು.

ಈ ದ್ವೀಪಗಳವರು ಎರಡನೆಯ ಮಹಾಯುದ್ಧದ ತರುವಾಯ ಕೆಲಸವನ್ನರಸಿ ಇಂಗ್ಲೆಂಡಿಗೆ ಹೋದರು. 1958ರಲ್ಲಿ ಲಂಡನಿನ ನಾಟಿಂಗ್ ಹಿಲ್ಲಿನಲ್ಲಿ ಅವರ ಮೇಲೆ ಬಿಳಿಯ ಪುಂಡರ ಹಲ್ಲೆಗಳು ನಡೆದವು. ಟ್ರಿನಿಡಾಡಿನಲ್ಲಿ ಹುಟ್ಟಿದ ಕ್ಲಾಡಿಯಾ ಜೋನ್ಸ್ ಎಂಬ ಮಹಿಳೆಯು, ಅಂತಹ ಹೊತ್ತಿನಲ್ಲಿ ತನ್ನವರು ಬಾಗಿಲು ಮುಚ್ಚಿ ಕುಳಿತುಕೊಳ್ಳಬಾರದೆಂದು ನಿಶ್ಚಯಿಸಿ, 1959ರ ಜನವರಿಯ ಚಳಿಯಲ್ಲಿ ಒಂದು ಸಭಾಭವನದೊಳಗೆ ಊರಿನ ಕಾರ್ನಿವಲ್ ಉತ್ಸವವನ್ನು ನಡೆಯಿಸಿದಳು. 1966ರಿಂದ ಅದೇ ನಾಟಿಂಗ್ ಹಿಲ್ಲಿನ ಬೀದಿಗಳಲ್ಲಿಯೇ ಉತ್ಸವವು ತಲೆಯೆತ್ತಿ ಬೆಳೆಯಿತು. ಈಗ ಆಗಸ್ಟಿನ ಕೊನೆಯಲ್ಲಿ ಲಕ್ಷಗಟ್ಟಲೆ ಜನರು ಅಲ್ಲಿ ಸೇರುತ್ತಾರೆ. ಪರವೂರಿನಲ್ಲಿ ಕೆರಿಬಿಯನ್ ಜನರು ತಮ್ಮ ಪರಂಪರೆಯ ದಿನವನ್ನು ಆಚರಿಸುವುದನ್ನು ಕೇಳಿದಾಗ, ನಮಗೆ ಮುಂಬಯಿಯ ತುಳುವರ ಆಟಿಯ ಕೂಟವೇ ನೆನಪಾಗುತ್ತದೆ.

ಆದರೆ ಒಂದು ಭೇದವಿದೆ. ನಮ್ಮ ಇಷ್ಟೆಲ್ಲ ಮಾತೂ ಆ ಭೇದಕ್ಕಾಗಿಯೇ. ಬಿಡುಗಡೆಯ ದಿನ ಬಂದಾಗ ಅವರು ಕಷ್ಟದ ಮಾತನ್ನು ಊಟದ ಎಲೆಯ ಕೆಳಗೆ ಮರೆಮಾಡುವುದಿಲ್ಲ. ಜಮೈಕದಲ್ಲಿ ಬಿಡುಗಡೆಯ ಘೋಷಣೆಯನ್ನು ಜನರೆದುರು ಮತ್ತೆ ಓದಿ ಹೇಳುವ ಪದ್ಧತಿಯಿದೆ. ಈ ಕೆಸುವನ್ನು ನಮ್ಮವರು ಉಂಡುದು ಯಾತಕ್ಕೆ, ಈ ಉಪ್ಪುಮೀನು ಯಾರ ಪಾಲಿನದಾಗಿತ್ತು ಎಂಬುದು ಅಲ್ಲಿ ಊಟದೊಡನೆಯೇ ಬರುವ ಮಾತು. ಕಷ್ಟವನ್ನು ಹೇಳಿಕೊಂಡುದರಿಂದ ಅವರ ಡೋಲಿನ ಸದ್ದೇನೂ ತಗ್ಗಿಲ್ಲ. ನಮ್ಮಲ್ಲಿ ಆಟಿಯನ್ನು ಹಬ್ಬವಾಗಿ ಮಾಡುವವರೂ, ಮಾಡಬಾರದೆನ್ನುವವರೂ ಎರಡು ಬಣವಾಗಿ ನಿಂತಿದ್ದಾರೆ. ಇವರಲ್ಲಿ ಒಬ್ಬರಿಗೆ ರುಚಿ ಬೇಕು, ನೆನಪು ಬೇಡ. ಮತ್ತೊಬ್ಬರಿಗೆ ನೆನಪು ಬೇಕು, ರುಚಿ ಬೇಡ. ಒಂದೇ ಪಂಕ್ತಿಯಲ್ಲಿ ಎರಡನ್ನೂ ಬಡಿಸಲು ಅಡ್ಡಿಯೇನೆಂಬುದು ನಮಗೆ ತಿಳಿಯದು.

ನಮ್ಮ ಸೂಚನೆಯು ದೊಡ್ಡದಲ್ಲ. ಆಟಿಡೊಂಜಿ ದಿನದ ಊಟದಲ್ಲಿ ಮೊದಲು ಬರಿಯ ತಿಳಿಗಂಜಿಯನ್ನೂ, ಅದರ ಬದಿಗೆ ಒಂದು ಚಿಟಿಕೆ ಹುರುಳಿಯ ಚಟ್ನಿಯನ್ನೂ ಬಡಿಸಲಿ. ಆ ಹೊತ್ತಿನಲ್ಲಿ ಊರಿನ ಎಂಬತ್ತು ಕಳೆದ ಅಜ್ಜಿಯೊಬ್ಬರನ್ನು ಕುರ್ಚಿಯಲ್ಲಿ ಕುಳ್ಳಿರಿಸಿ, ಅವರು ಕಂಡ ಆಟಿಯನ್ನು ಕೇಳಲಿ. ಯಾರ ಮನೆಯಲ್ಲಿ ಸಾಲದ ಅಕ್ಕಿ ತಂದರು, ಯಾರು ಕೊಟ್ಟರು, ಯಾರು ಕೊಡಲಿಲ್ಲ, ಮಕ್ಕಳಿಗೆ ಬಡಿಸಿ ತಾಯಂದಿರು ಏನನ್ನು ಕುಡಿದು ಮಲಗಿದರು ಎಂಬುದನ್ನು ಹೇಳಬಲ್ಲವರು ಇನ್ನು ಹೆಚ್ಚು ಮಂದಿ ಉಳಿದಿಲ್ಲ. ಮೂವತ್ತು ಬಗೆಗಳು ಆಮೇಲೆ ಬರಲಿ. ಭಾಷಣಕ್ಕೆ ಮೀಸಲಾದ ಹೊತ್ತಿನಲ್ಲಿ ಕಾಲುಭಾಗವು ಇದಕ್ಕೆ ಸಾಕು. ಭಾಷಣಗಳು ಅಷ್ಟು ಕಡಮೆಯಾದರೆ ಕೇಳುವವರು ಬೇಸರಿಸಲಾರರು.

ಎರಡನೆಯದು ಆಟಿ ಕಳೆಂಜನ ಮಾತು. ತೆಂಗಿನ ಎಳೆಯ ತಿರಿಯನ್ನು ಉಟ್ಟು, ಹಾಳೆಯ ಟೊಪ್ಪಿಯನ್ನಿಟ್ಟು, ಓಲೆಯ ಕೊಡೆಯನ್ನು ತಿರುಗಿಸುತ್ತ, ತೆಂಬರೆಯ ತಾಳಕ್ಕೆ ಮನೆಮನೆಯ ಅಂಗಳದಲ್ಲಿ ಕುಣಿದು, ಊರಿನ ಮಾರಿಯನ್ನು ಕಳೆಯುವವನು ಕಳೆಂಜ. ಈ ವೇಷವನ್ನು ತೊಡುವ ಹಕ್ಕು ನಲಿಕೆಯವರದು. ಗೆರಸೆಯಲ್ಲಿ ಅಕ್ಕಿ, ತೆಂಗಿನಕಾಯಿ, ಉಪ್ಪು, ಹುಳಿ, ಮೆಣಸು, ಅರಸಿನ, ಇದ್ದಿಲುಗಳನ್ನಿಟ್ಟು ಅವನಿಗೆ ಕೊಡುವುದು ಮನೆಯಾಕೆಯ ಕರ್ತವ್ಯ. ಅಂದಿನ ಆಟಿಯಲ್ಲಿ ಒಕ್ಕಲಿನವನಿಗೇ ಅಕ್ಕಿಯಿಲ್ಲದಿರುವಾಗ, ಗದ್ದೆಯೇ ಇಲ್ಲದ ನಲಿಕೆಯವರ ಮನೆಯಲ್ಲಿ ಏನಿದ್ದೀತು? ಊರಿನ ಮಾರಿಯನ್ನು ತನ್ನ ಮೈಮೇಲೆ ತೆಗೆದುಕೊಂಡು ಹೋಗುವವನ ಕೈಗೆ ಬೀಳುತ್ತಿದ್ದ ಆ ಸೇರು ಅಕ್ಕಿಯೇ ಅವನ ಮಕ್ಕಳ ಗಂಜಿ. ಈಗ ಕೂಟಗಳಲ್ಲಿ ಯಾರ ಮಕ್ಕಳಿಗೋ ಕಾಗದದ ತಿರಿಯನ್ನು ಸುತ್ತಿ ಕಳೆಂಜನನ್ನಾಗಿ ಮಾಡುತ್ತಾರೆ. ಅಥವಾ ನಿಜವಾದ ಕಳೆಂಜನನ್ನೇ ಕರೆಯಿಸಿ, ಹತ್ತು ನಿಮಿಷ ಕುಣಿಸಿ, ಛಾಯಾಚಿತ್ರವನ್ನು ತೆಗೆದು ಹಿಂಬಾಗಿಲಿನಿಂದ ಕಳುಹಿಸುತ್ತಾರೆ. ಕೆರಿಬಿಯನ್ ಮೆರವಣಿಗೆಗಳಲ್ಲಿಯೂ ದುಷ್ಟಶಕ್ತಿಗಳನ್ನು ಓಡಿಸುವ ‘ಮೋಕೋ ಜಂಬಿ’ ಎಂಬ ಮರಗಾಲಿನ ವೇಷವುಂಟು. ಗುಲಾಮರ ಮಕ್ಕಳು ಕಾಪಾಡಿಕೊಂಡು ಬಂದ ಆ ಕಲೆಯನ್ನು ಅಲ್ಲಿ ಹುಡುಗರಿಗೆ ಕಲಿಸುವ ಶಾಲೆಗಳೂ ಇವೆ, ಕಲಿತವರಿಗೆ ಗೌರವವೂ ಇದೆ. ನಮ್ಮ ಕೂಟದವರು ಕಳೆಂಜನ ಗೆರಸೆಯನ್ನು ತುಂಬಿಸಿ, ತಕ್ಕ ಸಂಭಾವನೆಯನ್ನು ಕೊಟ್ಟು, ಅಧ್ಯಕ್ಷರ ಮಗ್ಗುಲಲ್ಲಿ ಎಲೆ ಹಾಕಿ ಉಣಬಡಿಸಿದರೆ, ಆ ದಿನದ ಅತಿಥಿ ಯಾರೆಂಬುದು ಮಕ್ಕಳಿಗೆ ತಾನಾಗಿ ತಿಳಿಯುವುದು.

ಚೆನ್ನೆಮಣೆಯ ಸ್ಪರ್ಧೆಯನ್ನು ಇಡುವವರು ಅದರ ಕಥೆಯನ್ನೂ ಹೇಳಿಸಲಿ. ಸಿರಿಯ ಪಾಡ್ದನದಲ್ಲಿ ಅಬ್ಬಗ ದಾರಗರೆಂಬ ಅವಳಿ ಸೋದರಿಯರು ಚೆನ್ನೆಯಾಡುತ್ತ ಮುನಿದು, ಆ ಮಣೆಯಿಂದಲೇ ಒಬ್ಬಳು ಇನ್ನೊಬ್ಬಳ ಪ್ರಾಣವನ್ನು ತೆಗೆದು, ತಾನೂ ಬಾವಿಯ ಪಾಲಾದಳು. ಒಡಹುಟ್ಟಿದವರು ಎದುರುಬದುರು ಕುಳಿತು ಚೆನ್ನೆಯಾಡಬಾರದೆಂಬ ಮಾತು ಹಲವು ಮನೆಗಳಲ್ಲಿ ಇಂದಿಗೂ ಉಂಟು. ಈ ಪಾಡ್ದನವನ್ನು ಬೆಳ್ತಂಗಡಿ ತಾಲೂಕಿನ ಉಜಿರೆಯ ಬಳಿಯ ಮಾಚಾರಿನ ಗೋಪಾಲ ನಾಯ್ಕರು ಹಾಡಿದರು. ಫಿನ್ಲೆಂಡಿನ ಲೌರಿ ಹೊಂಕೊ ಎಂಬ ವಿದ್ವಾಂಸರು ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರೊಡಗೂಡಿ ಅದನ್ನು ಬರೆದಿರಿಸಿ 1998ರಲ್ಲಿ ಪ್ರಕಟಿಸಿದರು. 15,683 ಸಾಲುಗಳ ಕಾವ್ಯವದು! ಗದ್ದೆಯ ಕೆಲಸದವರು ಬಾಯಲ್ಲಿ ಉಳಿಸಿದ ಸೊತ್ತು. ಹೋಲಿಕೆಗೆ ಮತ್ತೆ ಆ ದ್ವೀಪದವರ ವರಿಯಾಟವೇ ನೆನಪಾಗುತ್ತದೆ. ಹಳೆಯ ಮನೆವಾರ್ತೆಯ ಸಾಮಾನುಗಳನ್ನು ಕಣ್ಣಾರೆ ಕಾಣಬಯಸುವವರು ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬಹುದು.

ಇನ್ನು ಅಡುಗೆಮನೆಗೆ. ಮೂಡುಬಿದಿರೆಯ ಜೈನ ಬಂಧುಗಳಿಗೆ ಇದು ಚಾತುರ್ಮಾಸದ ಕಾಲ. ಮಳೆಗಾಲದ ಸೊಪ್ಪಿನಲ್ಲಿ ಸಣ್ಣ ಜೀವಗಳು ಹೆಚ್ಚೆಂದು ವ್ರತಸ್ಥರು ಎಲೆಯನ್ನು ಮುಟ್ಟುವುದಿಲ್ಲ. ಊರಿನ ಕೂಟಕ್ಕೆ ಅವರನ್ನು ಕರೆದವರು ಇದನ್ನು ನೆನಪಿನಲ್ಲಿಟ್ಟು ಹುರುಳಿ, ಹೆಸರುಗಳ ಪದಾರ್ಥವನ್ನು ಬೇರೆಯಾಗಿ ಮಾಡಿಸುವುದು ಮರ್ಯಾದೆ. ಪತ್ರೊಡೆಯನ್ನು ಮಾಡುವವರು ಅಕ್ಕಿ, ಕಾಯಿ, ಮೆಣಸುಗಳೊಡನೆ ಹುಳಿಯನ್ನು ಧಾರಾಳವಾಗಿ ಅರೆಯಬೇಕು. ಕೆಸುವಿನಲ್ಲಿ ಕಣ್ಣಿಗೆ ಕಾಣದ ಸೂಜಿಯಂತಹ ಹರಳುಗಳಿರುವುದರಿಂದಲೇ ಗಂಟಲು ತುರಿಸುವುದು. ಎಳೆಯ ಎಲೆಯನ್ನೇ ಆರಿಸಿ, ದಪ್ಪ ನರಗಳನ್ನು ಹೆರೆದು, ಒಂದು ಗಂಟೆಗೆ ಕಡಮೆಯಿಲ್ಲದಂತೆ ಹಬೆಯಲ್ಲಿ ಬೇಯಿಸಿರಿ. ಕಣಿಲೆಯನ್ನು ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿ ನೆನೆಯಿಸಿ, ದಿನಕ್ಕೊಮ್ಮೆ ನೀರನ್ನು ಚೆಲ್ಲಿ ಬದಲಾಯಿಸದೆ ಅಡುಗೆಗೆ ತೆಗೆಯಕೂಡದು. ಹಸಿಯ ಕಣಿಲೆಯಲ್ಲಿ ವಿಷಾಂಶವಿದೆ.

ಆಟಿಯ ಅಮಾವಾಸ್ಯೆಯಂದು ಕುಡಿಯುವ ಪಾಲೆಯ ಕಷಾಯದ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಬೇಕು. ಸೂರ್ಯೋದಯಕ್ಕೆ ಮುಂಚೆ ಕತ್ತಲೆಯಲ್ಲಿ, ಕತ್ತಿಯನ್ನು ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೊಗಟೆಯನ್ನು ತೆಗೆಯುವುದು ಪದ್ಧತಿ. ಕತ್ತಲೆಯಲ್ಲಿ ಮರ ತಪ್ಪಿದರೆ ಪ್ರಾಣಕ್ಕೇ ಸಂಚಕಾರ. ಪಾಲೆಯ ಎಲೆಗಳು ಒಂದೊಂದು ಗೆಣ್ಣಿನಲ್ಲಿ ಐದರಿಂದ ಏಳರ ಸುತ್ತಾಗಿ, ಬಿಡಿಸಿದ ಕೊಡೆಯಂತೆ ಇರುತ್ತವೆ. ತೊಗಟೆಯನ್ನು ಗೀರಿದರೆ ಬಿಳಿಯ ಹಾಲು ಒಸರುತ್ತದೆ. ಕಾಯರ್ ಎಂದು ಕರೆಯುವ ಕಾಸರ್ಕನ ಮರದ ಎಲೆಗಳು ಎದುರುಬದುರಾಗಿ ಎರಡೆರಡೇ, ಹಾಲು ಇಲ್ಲ, ಅದರ ತೊಗಟೆಯು ಘೋರವಾದ ವಿಷ. ಆದುದರಿಂದ ಹಿಂದಿನ ದಿನವೇ ಹಗಲಿನಲ್ಲಿ ಹೋಗಿ, ತಿಳಿದ ಹಿರಿಯರಿಂದ ಮರವನ್ನು ಗುರುತಿಸಿಕೊಂಡು, ಕಾಂಡಕ್ಕೆ ಹಗ್ಗವನ್ನು ಕಟ್ಟಿ ಬರತಕ್ಕದ್ದು. ಕಷಾಯಕ್ಕೆ ಓಮ, ಮೆಣಸಿನಕಾಳು, ಬೆಳ್ಳುಳ್ಳಿಗಳನ್ನು ಸೇರಿಸಿ, ಕಾಯಿಸಿದ ಬೆಳ್ಳುಕಲ್ಲನ್ನು ಅದರೊಳಗೆ ಹಾಕಿ, ದೊಡ್ಡವರು ಸ್ವಲ್ಪವೇ ಕುಡಿಯಬೇಕು. ಬಸುರಿಯರಿಗೂ ಎಳೆಯ ಮಕ್ಕಳಿಗೂ ಕೊಡಬಾರದು. ಮರದ ಗುರುತಿಲ್ಲದ ಪೇಟೆಯ ಮನೆಯವರು ದಾರಿಬದಿಯಲ್ಲಿ ಮಾರಲು ಬಂದ ತೊಗಟೆಯನ್ನು ಕೊಳ್ಳುವುದಕ್ಕಿಂತ, ಆ ಬೆಳಿಗ್ಗೆ ಮೆಂತೆಯ ಗಂಜಿಯನ್ನಷ್ಟೇ ಮಾಡಿಕೊಳ್ಳಲಿ. ಅದಕ್ಕೆ ಬೇಕಾದುದು ಕುಚ್ಚಲಕ್ಕಿ, ರಾತ್ರಿಯೇ ನೆನೆಯಿಸಿದ ಒಂದು ಹಿಡಿ ಮೆಂತೆ, ಒಂದು ಅಚ್ಚು ಬೆಲ್ಲ, ಅರ್ಧ ತೆಂಗಿನಕಾಯಿಯ ಹಾಲು.